ಮುಪ್ಪಿನಲ್ಲಿ ಮನೆ ಕಾಣುವ ಬಗೆ

ಎರಡು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದ ಈ ಲೇಖನವನ್ನು ಆರಂಭಿಸಬೇಕಾಗಿದೆ. ಶಿವಮೊಗ್ಗದಲ್ಲಿ ನಾವು ಹೊಸ ಮನೆಯನ್ನು ಕಟ್ಟಿಸಿದಾಗ, ಎಂಬತ್ತೆರಡು ವರ್ಷ ವಯಸ್ಸಿನ ನಮ್ಮ ಅಜ್ಜಿಯನ್ನು ಮಲೆನಾಡಿನ ಹಳೆಯ ಹಂಚಿನ ಮನೆಯಿಂದ ಅಲ್ಲಿಗೆ ಕರೆತಂದೆವು. ಹೊಸ ಮನೆಯ ಹಜಾರ ವಿಶಾಲವಾದುದು. ನೆಲಕ್ಕೆ ಹೊಳಪು ಕೊಟ್ಟ ಕಪ್ಪು ಗ್ರಾನೈಟ್ ಕಲ್ಲು. ಊಟದ ಸ್ಥಳ ಹಜಾರಕ್ಕಿಂತ ಒಂದು ಮೆಟ್ಟಿಲು ತಗ್ಗಿನಲ್ಲಿತ್ತು. ಆ ಒಂಟಿ ಮೆಟ್ಟಿಲನ್ನು ಯಾರೂ ನಮ್ಮ ಮೇಲೆ ಹೇರಲಿಲ್ಲ. ಯಾವುದೋ ಚಿತ್ರದಲ್ಲಿ ಕಂಡು, ಅಂದವಾಗಿದೆಯೆಂದು ನಾನೇ ಕೇಳಿ ಹಾಕಿಸಿದ್ದು. ಮೊದಲ ತಿಂಗಳಲ್ಲಿಯೇ ಅಜ್ಜಿ ಹಜಾರದಲ್ಲಿ ಕುಳಿತುಕೊಳ್ಳುವುದನ್ನು ಬಿಟ್ಟು ಮುಂಬಾಗಿಲ ಪಕ್ಕದ ಜಗಲಿಯ ಮೂಲೆಯನ್ನು ಹಿಡಿದರು. ವಯಸ್ಸಾಯಿತು, ಯಾರೊಡನೆಯೂ ಬೆರೆಯುವುದು ಬೇಡವಾಗಿದೆ ಎಂದು ಮನೆಯವರೆಲ್ಲ ತೀರ್ಮಾನಿಸಿದೆವು. ಐದನೆಯ ತಿಂಗಳಿನ ಒಂದು ಸಂಜೆ, ಊಟಕ್ಕೆ ಬರುವಾಗ, ಆ ಮೆಟ್ಟಿಲಿನಲ್ಲಿ ಹೆಜ್ಜೆ ತಪ್ಪಿ ಬಿದ್ದು ಅವರ ಸೊಂಟದ ಮೂಳೆ ಮುರಿಯಿತು.

ಕಣ್ಣು ಮಂದವಾಗಿತ್ತು ಎಂದರು ಬಂಧುಗಳು. ನಿಜ. ಆದರೆ ಅದೇ ಕಣ್ಣುಗಳಿಂದ ಅವರು ಹಳೆಯ ಮನೆಯ ಕತ್ತಲ ನಡುಮನೆಯಲ್ಲಿ, ಒಂದಲ್ಲ ಎರಡಲ್ಲ, ಏಳು ಹೊಸ್ತಿಲುಗಳನ್ನು ದಿನಕ್ಕೆ ಹತ್ತಾರು ಬಾರಿ ದಾಟುತ್ತಿದ್ದರಲ್ಲವೇ? ಐದು ತಿಂಗಳಲ್ಲಿ ಬದಲಾದುದು ಕಣ್ಣೋ, ಮನೆಯೋ?

ಕಟ್ಟಡವೊಂದನ್ನು ಅದರೊಳಗೆ ವಾಸಿಸುವವರು ಹೇಗೆ ಅನುಭವಿಸುತ್ತಾರೆ ಎಂಬುದು ಕವಿಗಳಿಗೆ ಮಾತ್ರ ಸೇರಿದ ವಿಷಯವೆಂದು ಬಹುಕಾಲ ತಿಳಿಯಲಾಗಿತ್ತು. ಅದನ್ನೂ ಎಣಿಕೆಗೆ, ಅಳತೆಗೆ ಒಳಪಡಿಸಬಹುದೆಂಬ ಭಾವನೆ ಬಲಗೊಂಡುದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ಅಂಥ ಆರಂಭದ ಪ್ರಯೋಗಗಳಲ್ಲಿ ಒಂದು ವೃದ್ಧೆಯರ ಕೋಣೆಯೊಂದರಲ್ಲಿಯೇ ನಡೆಯಿತು. ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತದ ವೇಬರ್ನ್ ಎಂಬ ಊರಿನಲ್ಲಿ ಒಂದು ದೊಡ್ಡ ಮಾನಸಿಕ ಆಸ್ಪತ್ರೆಯಿತ್ತು. ಅದರ ಮುಖ್ಯಾಧಿಕಾರಿ ಹಂಫ್ರಿ ಆಸ್ಮಂಡ್ ಎಂಬ ವೈದ್ಯರು. ಅಲ್ಲಿನ ವೃದ್ಧೆಯರ ವಿಭಾಗವನ್ನು ಹೊಸದಾಗಿ ಸಿಂಗರಿಸಲಾಗಿತ್ತು. ಗೋಡೆಗಳಿಗೆ ಹೊಸ ಬಣ್ಣ, ಕೂರಲು ಹೊಸ ಕುರ್ಚಿಗಳು. ಆದರೂ ಆ ಮುದುಕಿಯರು ಗೋಡೆಗೆ ಸಾಲಾಗಿ ಜೋಡಿಸಿದ ಕುರ್ಚಿಗಳಲ್ಲಿ, ರೈಲು ನಿಲ್ದಾಣದಲ್ಲಿ ಎಂದೂ ಬಾರದ ಗಾಡಿಗೆ ಕಾದವರಂತೆ, ಮಾತಿಲ್ಲದೆ ಕುಳಿತಿರುತ್ತಿದ್ದರು. ಮನೋವಿಜ್ಞಾನಿ ರಾಬರ್ಟ್ ಸಾಮರ್ ಮತ್ತು ಅವರ ಸಹೋದ್ಯೋಗಿ ರಾಸ್ ಇದನ್ನು ನೋಡಿದರು. ಪಕ್ಕಪಕ್ಕದಲ್ಲಿ ಕುಳಿತವರು ಒಬ್ಬರ ಮುಖವನ್ನೊಬ್ಬರು ನೋಡಬೇಕಾದರೆ ಕುತ್ತಿಗೆಯನ್ನು ಪೂರ್ತಿ ಹೊರಳಿಸಬೇಕು. ಎದುರುಸಾಲಿನವರೋ ಕೂಗಿದರೂ ಕೇಳಿಸದಷ್ಟು ದೂರ. ನೆಲ ಗುಡಿಸುವವರಿಗೆ ಮಾತ್ರ ಆ ಏರ್ಪಾಡು ಬಹಳ ಅನುಕೂಲವಾಗಿತ್ತು!

ಸಾಮರ್ ಮಾಡಿದ್ದು ಇಷ್ಟೇ: ಮೊದಲು, ಯಾರು ಯಾರೊಡನೆ ಎಷ್ಟು ಬಾರಿ ಮಾತನಾಡುತ್ತಾರೆಂಬುದನ್ನು ಕೆಲವು ಕಾಲ ಗುರುತು ಹಾಕಿಕೊಂಡರು. ಅನಂತರ ಕೋಣೆಯಲ್ಲಿ ಸಣ್ಣ ಚೌಕ ಮೇಜುಗಳನ್ನು ಇಟ್ಟು, ಕುರ್ಚಿಗಳನ್ನು ಅವುಗಳ ಸುತ್ತ ಜೋಡಿಸಿದರು. ವೃದ್ಧೆಯರಿಗೆ ಇದು ಹಿಡಿಸಲಿಲ್ಲ; ಕುರ್ಚಿಗಳು ಮತ್ತೆ ಮತ್ತೆ ಗೋಡೆಯ ಕಡೆಗೇ ಹೋದವು. ಮೇಜಿನ ಮೇಲೆ ಹೂವು, ಪತ್ರಿಕೆಗಳನ್ನು ಇಡಲಾಯಿತು. ಕೆಲವು ವಾರಗಳು ಕಳೆದ ಮೇಲೆ ಪುನಃ ಎಣಿಸಿದಾಗ ಸಂಭಾಷಣೆಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. ಈ ಫಲಿತಾಂಶ ೧೯೫೮ರಲ್ಲಿ ಪ್ರಕಟವಾಯಿತು. ಆ ವೃದ್ಧೆಯರ ಮೌನಕ್ಕೆ ಮುಪ್ಪೊಂದೇ ಕಾರಣವಲ್ಲ, ಕುರ್ಚಿಗಳ ಸಾಲೂ ಕಾರಣ ಎಂಬುದು ಮೊದಲ ಬಾರಿಗೆ ಅಂಕಿಗಳ ರೂಪದಲ್ಲಿ ಕಂಡುಬಂದಿತು. ವಾಚಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು: ಆ ಮುದುಕಿಯರನ್ನು ಕೇಳಿದ್ದರೆ ಗೋಡೆಯ ಸಾಲೇ ಇರಲಿ ಎನ್ನುತ್ತಿದ್ದರು. ಕೇಳುವುದರಿಂದ ಮಾತ್ರವೇ ಈ ವಿಷಯ ತಿಳಿಯುವಂತಿಲ್ಲ. ಕೇಳದೆಯೂ ತಿಳಿಯುವಂತಿಲ್ಲ ಎಂಬುದನ್ನು ಮುಂದೆ ನೋಡೋಣ.

ಹತ್ತು ವರ್ಷಗಳ ತರುವಾಯ, ೧೯೬೮ರಲ್ಲಿ, ಅಮೆರಿಕದ ಪವೆಲ್ ಲಾಟನ್ ಮತ್ತು ಬೋನಿ ಸೈಮನ್ ಒಂದು ಊಹೆಯನ್ನು ಮುಂದಿಟ್ಟರು. ವ್ಯಕ್ತಿಯ ಸಾಮರ್ಥ್ಯ ಕುಗ್ಗಿದಷ್ಟೂ ಅವನ ನಡವಳಿಕೆಯ ಮೇಲೆ ಸುತ್ತಲಿನ ಪರಿಸರದ ಹಿಡಿತ ಹೆಚ್ಚುತ್ತದೆ ಎಂಬುದು ಅದರ ಸಾರ. ತುಂಬಿದ ಹೊಳೆಯಲ್ಲಿ ಬಲವಾದ ಈಜುಗಾರ ತಾನು ಬೇಕೆಂದ ದಡವನ್ನು ಸೇರುತ್ತಾನೆ. ದಣಿದವನು ನೀರು ಒಯ್ದ ಕಡೆ ಸೇರುತ್ತಾನೆ. ಇಪ್ಪತ್ತರ ಹರೆಯದವರಿಗೆ ಮನೆ ಎಂಥದಾದರೂ ನಡೆಯುತ್ತದೆ. ಎಂಬತ್ತರಲ್ಲಿ ಒಂದು ಮೆಟ್ಟಿಲು ದಿನಚರಿಯನ್ನೇ ನಿರ್ಧರಿಸುತ್ತದೆ. ೧೯೭೩ರಲ್ಲಿ ಲಾಟನ್ ಅವರು ಲೂಸಿಲ್ ನಾಹೆಮೋ ಅವರೊಡನೆ ಈ ಊಹೆಯನ್ನು ವಿಸ್ತರಿಸಿ, ಪರಿಸರ ಒಡ್ಡುವ ಸವಾಲು ತೀರ ಹೆಚ್ಚಾದರೆ ಹೇಗೆ ಕೆಡುಕೋ ತೀರ ಕಡಿಮೆಯಾದರೂ ಹಾಗೆಯೇ ಕೆಡುಕು ಎಂದರು. ಎಲ್ಲವನ್ನೂ ಕೈಗೇ ತಂದುಕೊಟ್ಟು ಅಜ್ಜಿಯನ್ನು ಕೂರಿಸಿದಲ್ಲೇ ಕೂರಿಸುವ ಮನೆಯೂ ಒಳ್ಳೆಯ ಮನೆಯಲ್ಲ.

ಇನ್ನು ನನ್ನ ಸ್ವಂತ ವಿಷಯಕ್ಕೆ, ಎಂದರೆ ಬೆಳಕಿಗೆ, ಬರುತ್ತೇನೆ. ಕಣ್ಣಿನ ಪಾಪೆ ಮಂದ ಬೆಳಕಿನಲ್ಲಿ ಹಿಗ್ಗಿ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆಂಬುದನ್ನು ನೀವೆಲ್ಲ ಓದಿದ್ದೀರಿ. ತರುಣರಲ್ಲಿ ಅದರ ವ್ಯಾಸ ಸುಮಾರು ೭ ಮಿಲಿಮೀಟರುಗಳವರೆಗೆ ಹಿಗ್ಗಬಲ್ಲುದು. ವಯಸ್ಸಾದಂತೆ ಈ ಹಿಗ್ಗುವ ಶಕ್ತಿ ಕುಂದಿ, ೫ ಮಿಲಿಮೀಟರು ಅಥವಾ ಅದಕ್ಕಿಂತಲೂ ಕಡಿಮೆಗೆ ನಿಲ್ಲುತ್ತದೆ. ಒಳಬರುವ ಬೆಳಕು ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ, ೪೯ಕ್ಕೆ ಪ್ರತಿಯಾಗಿ ೨೫. ಅಂದರೆ ಬಾಗಿಲಿನಲ್ಲಿಯೇ ಅರ್ಧ ಬೆಳಕು ನಷ್ಟ. ಒಳಗೆ ಬಂದ ಬೆಳಕು ಮಸೂರದ ಮೂಲಕ ಹಾಯಬೇಕಷ್ಟೆ. ಆ ಮಸೂರವೋ ವರ್ಷವರ್ಷಕ್ಕೂ ದಪ್ಪವಾಗುತ್ತ, ಹಳದಿಯಾಗುತ್ತ ಹೋಗಿ, ನೀಲಿ ಮತ್ತು ನೇರಿಳೆ ಕಿರಣಗಳನ್ನು ವಿಶೇಷವಾಗಿ ಹೀರಿಕೊಳ್ಳುತ್ತದೆ. ಅರವತ್ತು ವರ್ಷದವರ ಅಕ್ಷಿಪಟವನ್ನು ಮುಟ್ಟುವ ಬೆಳಕು ಇಪ್ಪತ್ತು ವರ್ಷದವರದರ ಮೂರನೆಯ ಒಂದು ಪಾಲು ಮಾತ್ರವೆಂದು ಲಂಡನ್ನಿನ ರಾಬರ್ಟ್ ವೀಲ್ ಎಂಬ ವಿಜ್ಞಾನಿ ೧೯೬೦ರ ದಶಕದ ಆರಂಭದಲ್ಲಿ ಲೆಕ್ಕಹಾಕಿ ತೋರಿಸಿದರು. ಕಾಲೇಜಿನ ಪ್ರಯೋಗಶಾಲೆಯಿಂದ ಬೆಳಕಿನ ಮಾಪಕವನ್ನು ತಂದು ನಮ್ಮ ಊಟದ ಸ್ಥಳದ ಮೆಟ್ಟಿಲಿನ ಮೇಲೆ ಸಂಜೆಯ ಹೊತ್ತು ಹಿಡಿದಾಗ ಅದು ೪೦ ಲಕ್ಸ್ ತೋರಿಸಿತು. ಅಜ್ಜಿಯ ಪಾಲಿಗೆ ಅದು ನನ್ನ ವಿದ್ಯಾರ್ಥಿಯೊಬ್ಬನಿಗೆ ೧೩ ಲಕ್ಸಿನಲ್ಲಿ ಕಾಣುವುದಕ್ಕಿಂತ ಉತ್ತಮವಾಗಿ ಕಂಡಿರಲಾರದು.

ಹಾಗಾದರೆ ಹೆಚ್ಚು ದೀಪಗಳನ್ನು ಹಾಕಿದರಾಯಿತಲ್ಲ ಎನ್ನಬಹುದು. ವಿಷಯ ಅಷ್ಟು ಸರಳವಲ್ಲ. ಮುಪ್ಪಿನ ಮಸೂರ ಬೆಳಕನ್ನು ಹೀರುವುದಷ್ಟೇ ಅಲ್ಲದೆ ಚದರಿಸುತ್ತದೆ ಸಹ. ಹೊಳಪಿನ ಕಲ್ಲಿನ ಮೇಲೆ ಕಿಟಕಿಯ ಅಥವಾ ದೀಪದ ಪ್ರತಿಬಿಂಬ ಬಿದ್ದಾಗ ನಮಗೆ ಅದು ಬರಿಯ ಹೊಳಪು. ಅವರಿಗೆ ಕಣ್ಣೊಳಗೆಲ್ಲ ಹರಡಿದ ಮಂಜು. ನೆಲ ಒದ್ದೆಯಾಗಿದೆಯೆಂದೇ ಅಜ್ಜಿ ಅನೇಕ ಸಲ ತಿಳಿದು ನಿಂತುಬಿಡುತ್ತಿದ್ದುದನ್ನು ನಾವು ನಗೆಯಾಡಿದ್ದುಂಟು. ಅದಕ್ಕಿಂತ ಮುಖ್ಯವಾದುದು ವ್ಯತ್ಯಾಸ. ಒಂದು ಅಂಚು ಕಣ್ಣಿಗೆ ಕಾಣಬೇಕಾದರೆ ಅದರ ಎರಡು ಬದಿಯ ಮೇಲ್ಮೈಗಳು ಹೊರಸೂಸುವ ಬೆಳಕಿನಲ್ಲಿ ಅಂತರವಿರಬೇಕು. ಮೇಲೂ ಕಪ್ಪು ಕಲ್ಲು, ಕೆಳಗೂ ಅದೇ ಕಪ್ಪು ಕಲ್ಲು ಎಂದಾದರೆ ಆ ಅಂತರ ಸೊನ್ನೆ. ಸೊನ್ನೆಯನ್ನು ಎಷ್ಟು ದೀಪಗಳಿಂದ ಗುಣಿಸಿದರೂ ಸೊನ್ನೆಯೇ. ಹಳೆಯ ಮನೆಯ ಹೊಸ್ತಿಲುಗಳಿಗೆ ಅರಿಸಿನ ಕುಂಕುಮದ ಪಟ್ಟೆಯೂ ರಂಗೋಲಿಯ ಬಿಳಿ ಎಳೆಯೂ ಇರುತ್ತಿದ್ದವು. ಅವನ್ನು ಎಳೆದವರ ಉದ್ದೇಶ ಬೇರೆ. ಆದರೆ ಕತ್ತಲ ನಡುಮನೆಯಲ್ಲಿ ಅಂಚನ್ನು ತೋರಿಸುವ ಕೆಲಸವನ್ನೂ ಅವು ಮಾಡುತ್ತಿದ್ದವು.

ಹಳೆಯ ಮನೆಯನ್ನು ಹೊಗಳುವುದೇ ನನ್ನ ಉದ್ದೇಶವೆಂದು ಯಾರೂ ತಿಳಿಯಬಾರದು. ಅಲ್ಲಿಯೂ ಮಾಪಕವನ್ನು ಹಿಡಿದು ನೋಡಿದೆ. ನಡುಹಗಲಿನ ಬಿಸಿಲಿನಲ್ಲಿ ಅಂಗಳ ೮೨,೦೦೦ ಲಕ್ಸ್. ನಾಲ್ಕು ಹೆಜ್ಜೆ ಒಳಗಿನ ನಡುಮನೆ ೬೦ ಲಕ್ಸ್. ಸಾವಿರದ ಮುನ್ನೂರಕ್ಕೂ ಮಿಕ್ಕಿದ ಪ್ರಮಾಣ! ಪಾಪೆಯೊಂದರಿಂದ ಈ ಅಂತರವನ್ನು ಸರಿದೂಗಿಸುವುದು ಅಸಾಧ್ಯ. ೨ ಮಿಲಿಮೀಟರಿನಿಂದ ೭ ಮಿಲಿಮೀಟರಿಗೆ ಹಿಗ್ಗಿದರೂ ಬೆಳಕು ಹೆಚ್ಚುವುದು ಹನ್ನೆರಡು ಮಡಿ ಮಾತ್ರ. ಉಳಿದುದು ಅಕ್ಷಿಪಟದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯ ಪಾಲು, ಅದಕ್ಕೆ ಕಾಲ ಬೇಕು. ತೀಕ್ಷ್ಣವಾದ ಬೆಳಕನ್ನು ಕಂಡ ಕಣ್ಣು ಪೂರ್ಣವಾಗಿ ಕತ್ತಲೆಗೆ ಹೊಂದಿಕೊಳ್ಳಲು ಎಪ್ಪತ್ತರ ಹರೆಯದವರು ಇಪ್ಪತ್ತರ ಹರೆಯದವರಿಗಿಂತ ಹತ್ತು ನಿಮಿಷಕ್ಕೂ ಹೆಚ್ಚು ಅಧಿಕ ಕಾಲವನ್ನು ತೆಗೆದುಕೊಳ್ಳುತ್ತಾರೆಂದು ೧೯೯೯ರಲ್ಲಿ ಅಮೆರಿಕದ ಅಲಬಾಮ ವಿಶ್ವವಿದ್ಯಾನಿಲಯದ ಸಂಶೋಧಕರು ಕಂಡುಕೊಂಡರು. ನಡುಮನೆ ಪೂರ್ಣ ಕತ್ತಲೆಯಲ್ಲವಾದುದರಿಂದ ಅಲ್ಲಿ ಇಷ್ಟು ಹೊತ್ತು ಬೇಕಾಗದು. ಆದರೆ ಹೊಸ್ತಿಲನ್ನು ದಾಟಲು ಬೇಕಾದುದು ಒಂದೇ ಕ್ಷಣ. ಮಲೆನಾಡಿನ ಮನೆಯ ಜಗಲಿ ಇಲ್ಲಿ ಉಪಕಾರಕ್ಕೆ ಬರುತ್ತದೆ. ಮಾಡಿನ ನೆರಳಿನಲ್ಲಿ, ಬಿಸಿಲಿಗೂ ಕತ್ತಲೆಗೂ ನಡುವೆ, ಕಾಲು ತೊಳೆದು ಒಂದು ಗಳಿಗೆ ಕುಳಿತು ಎದ್ದು ಒಳಗೆ ಹೋಗುವ ರೂಢಿ ಕಣ್ಣಿಗೆ ಬೇಕಾದ ಕಾಲಾವಕಾಶವನ್ನು ಕೊಡುತ್ತಿತ್ತು. ಈಗ ಕಾರಿನಿಂದ ಇಳಿದವರು ನೇರವಾಗಿ ಹಜಾರದಲ್ಲಿರುತ್ತಾರೆ.

ಮೆಟ್ಟಿಲುಗಳ ವಿಷಯವಾಗಿ ಹದಿನೇಳನೆಯ ಶತಮಾನದ ಫ್ರಾನ್ಸಿನ ಫ್ರಾಂಸ್ವಾ ಬ್ಲಾಂಡೆಲ್ ಒಂದು ಸೂತ್ರವನ್ನು ಕೊಟ್ಟಿದ್ದಾನೆ. ಮೆಟ್ಟಿಲಿನ ಎತ್ತರದ ಎರಡರಷ್ಟಕ್ಕೆ ಅದರ ಅಗಲವನ್ನು ಕೂಡಿಸಿದರೆ ೨೪ ಅಂಗುಲ ಬರಬೇಕು. ಅಂದಿನ ಫ್ರೆಂಚ್ ಅಂಗುಲದಲ್ಲಿ ಇದು ಸುಮಾರು ೬೫ ಸೆಂಟಿಮೀಟರು, ಒಂದು ಹೆಜ್ಜೆಯ ಉದ್ದ. ನಮ್ಮ ದೇಶದ ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಗಳಿಗೆ ಗರಿಷ್ಠ ಎತ್ತರ ೧೯, ಕನಿಷ್ಠ ಅಗಲ ೨೫ ಸೆಂಟಿಮೀಟರು ಎನ್ನುತ್ತದೆ. ಸೂತ್ರಕ್ಕೆ ಹಾಕಿದರೆ ೬೩. ಸರಿಹೋಯಿತು. ಆದರೆ ನಮ್ಮ ಹಳೆಯ ಮನೆಯ ಅಟ್ಟದ ಮೆಟ್ಟಿಲಿನ ಎತ್ತರ ೨೪, ಅಗಲ ೧೮. ಸೂತ್ರದ ಪ್ರಕಾರ ೬೬! ಬ್ಲಾಂಡೆಲನ ಮಾತಿನಂತೆ ಅದು ಸಾಧಾರಣ ಒಳ್ಳೆಯ ಮೆಟ್ಟಿಲೇ. ಇಪ್ಪತ್ತೆರಡು ಸೆಂಟಿಮೀಟರಿನ ಪಾದ ಹದಿನೆಂಟರಲ್ಲಿ ಹೇಗೆ ನಿಂತೀತು ಎಂಬುದನ್ನು ಅಟ್ಟದಿಂದ ಅಡಕೆಯ ಬುಟ್ಟಿಯನ್ನು ಇಳಿಸಿದವರನ್ನು ಕೇಳಬೇಕು. ಸೂತ್ರಗಳನ್ನು ನಂಬುವ ವಿದ್ಯಾರ್ಥಿಗಳು ಈ ಉದಾಹರಣೆಯನ್ನು ನೆನಪಿನಲ್ಲಿಡುವುದು ಒಳಿತು. ಅಳತೆಗಿಂತ ಹೆಚ್ಚು ಅಪಾಯಕರವಾದುದು ಅಸಮತೆ. ಸಮನೆಲದ ಮೇಲೆ ನಡೆಯುವಾಗ ಕಾಲ್ಬೆರಳು ನೆಲದಿಂದ ಮೇಲೇಳುವುದು ಒಂದೆರಡು ಸೆಂಟಿಮೀಟರು ಮಾತ್ರ. ದೇಹ ನಿರೀಕ್ಷಿಸಿದ ಎತ್ತರವೊಂದು, ಇರುವುದು ಇನ್ನೊಂದು ಎಂದಾದಾಗ ತರುಣನು ಅರೆಕ್ಷಣದಲ್ಲಿ ಇನ್ನೊಂದು ಕಾಲನ್ನು ಮುಂದಿಟ್ಟು ಗುರುತ್ವಕೇಂದ್ರವನ್ನು ಉಳಿಸಿಕೊಳ್ಳುತ್ತಾನೆ. ವೃದ್ಧರಿಗೆ ಆ ಅರೆಕ್ಷಣ ಸಾಲದು. ಸಾಲು ಮೆಟ್ಟಿಲುಗಳು ತಾವು ಮೆಟ್ಟಿಲುಗಳೆಂದು ದೂರದಿಂದಲೇ ಸಾರುತ್ತವೆ. ಒಂಟಿ ಮೆಟ್ಟಿಲು ಸಾರುವುದಿಲ್ಲ.

ಅಜ್ಜಿ ಬಿದ್ದುದಕ್ಕೆ ಕಾರಣ ತಿಳಿಯಿತು. ಹಜಾರವನ್ನು ಬಿಟ್ಟು ಜಗಲಿಗೆ ಹೋದುದೇಕೆ? ಇದಕ್ಕೆ ಉತ್ತರವನ್ನು ಅವರೇ ಒಂದು ದಿನ ಕೊಟ್ಟರು: "ಅಲ್ಲಿ ನೀವು ಮಾತಾಡೋದು ಕೇಳುತ್ತೆ ಮಗಾ, ತಿಳಿಯೋದಿಲ್ಲ." ಭೌತಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ನಿಖರವಾದ ಮಾತನ್ನು ನಾನು ಕೇಳಿಲ್ಲ. ಮುಪ್ಪಿನಲ್ಲಿ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚಿನ ಆವೃತ್ತಿಯ ಧ್ವನಿಗಳನ್ನು. ಸ, ಶ, ತ, ಕ ಮುಂತಾದ ವ್ಯಂಜನಗಳ ಶಕ್ತಿ ಅಡಗಿರುವುದು ಅಲ್ಲಿಯೇ, ಮತ್ತು ಅವು ಸ್ವಭಾವತಃ ದುರ್ಬಲ. ಅ, ಆ, ಓ ಮೊದಲಾದ ಸ್ವರಗಳು ಕಡಿಮೆ ಆವೃತ್ತಿಯವು, ಬಲವಾದುವು. ಆದುದರಿಂದ ಮಾತು ಕಿವಿಗೆ ಬೀಳುತ್ತದೆ, ಅರ್ಥವನ್ನು ಕೊಡುವ ಅಕ್ಷರಗಳು ಮಾತ್ರ ಉದುರಿಹೋಗಿರುತ್ತವೆ. ಇದರ ಜೊತೆಗೆ ಕೋಣೆಯ ಅನುರಣನ ಸೇರಿದರೆ ಒಂದು ಸ್ವರದ ಬಾಲ ಮುಂದಿನ ವ್ಯಂಜನವನ್ನು ಮುಚ್ಚಿಬಿಡುತ್ತದೆ.

ಅನುರಣನದ ನಿಯಮವನ್ನು ಕಂಡುಹಿಡಿದವನು ಅಮೆರಿಕದ ವಾಲೆಸ್ ಸಾಬಿನ್, ನನ್ನಂತೆಯೇ ಭೌತಶಾಸ್ತ್ರದ ತರುಣ ಅಧ್ಯಾಪಕ. ೧೮೯೫ರಲ್ಲಿ ಹಾರ್ವರ್ಡಿನಲ್ಲಿ ಹೊಸದಾಗಿ ಕಟ್ಟಿದ ಉಪನ್ಯಾಸ ಮಂದಿರದಲ್ಲಿ ಯಾರ ಮಾತೂ ಅರ್ಥವಾಗದಿದ್ದಾಗ ಅದನ್ನು ಸರಿಪಡಿಸುವ ಕೆಲಸ ಅವನ ಪಾಲಿಗೆ ಬಂದಿತು. ಬರಿಯ ಮಂದಿರದಲ್ಲಿ ಧ್ವನಿ ಐದೂವರೆ ಸೆಕೆಂಡುಗಳಷ್ಟು ಕಾಲ ಉಳಿಯುತ್ತಿತ್ತು. ರಾತ್ರಿಯ ಹೊತ್ತು ಪಕ್ಕದ ರಂಗಮಂದಿರದಿಂದ ಆಸನದ ದಿಂಬುಗಳನ್ನು ಹೊತ್ತು ತಂದು, ಒಂದೊಂದಾಗಿ ಹರಡಿ, ಆರ್ಗನ್ ಕೊಳವೆಯನ್ನು ನುಡಿಸಿ, ಧ್ವನಿ ಅಡಗುವ ಕಾಲವನ್ನು ಅಳೆದು, ಬೆಳಗಾಗುವುದರೊಳಗೆ ದಿಂಬುಗಳನ್ನು ಮರಳಿ ಇಡುತ್ತಿದ್ದನಂತೆ. ಅವನು ಕಂಡುಕೊಂಡ ನಿಯಮ ಸರಳವಾದುದು: ಕೋಣೆಯ ಘನಮೀಟರುಗಳನ್ನು ೦.೧೬ರಿಂದ ಗುಣಿಸಿ, ಅದರೊಳಗಿನ ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನಕಾಲ ಸೆಕೆಂಡುಗಳಲ್ಲಿ ಬರುತ್ತದೆ. ಹೀರಿಕೆಯನ್ನು ಚದರಮೀಟರುಗಳಲ್ಲಿ ಎಣಿಸಬೇಕು.

ನಮ್ಮ ಹಜಾರದ ಉದ್ದ ೬, ಅಗಲ ೫, ಎತ್ತರ ೩.೨ ಮೀಟರು, ಗಾತ್ರ ೯೬ ಘನಮೀಟರು. ನೆಲ, ಗೋಡೆ, ಸೂರು ಸೇರಿ ಸುಮಾರು ೧೩೦ ಚದರಮೀಟರು. ಕಲ್ಲು ಮತ್ತು ಗಾರೆ ತಮ್ಮ ಮೇಲೆ ಬಿದ್ದ ಧ್ವನಿಯಲ್ಲಿ ನೂರಕ್ಕೆ ಮೂರು ಪಾಲನ್ನು ಹೀರುತ್ತವೆಂದು ಹಿಡಿದರೆ ಒಟ್ಟು ಹೀರಿಕೆ ೩.೯. ಆದುದರಿಂದ ಬರಿಯ ಹಜಾರದ ಅನುರಣನಕಾಲ ೩.೯ ಸೆಕೆಂಡು! ಹತ್ತು ಜನರು ಕುಳಿತರೆ ತಲೆಗೆ ಅರ್ಧ ಚದರಮೀಟರಿನಂತೆ ಹೀರಿಕೆ ೮.೯ಕ್ಕೇರಿ ಕಾಲ ೧.೭ ಸೆಕೆಂಡಿಗೆ ಇಳಿಯುತ್ತದೆ. ಮಾತು ಸ್ಪಷ್ಟವಾಗಿರಲು ಬೇಕಾದುದು ೦.೬ರ ಆಸುಪಾಸು. ಹಳೆಯ ಮನೆಯ ಜಗಲಿಗೆ ಮೂರು ಕಡೆ ಗೋಡೆಯೇ ಇಲ್ಲ; ಬಯಲಿಗೆ ಹೋದ ಧ್ವನಿ ಹಿಂದಿರುಗುವುದಿಲ್ಲ. ಅಜ್ಜಿ ಜನರಿಂದ ದೂರ ಸರಿದರೆಂದು ನಾವು ತಿಳಿದುದು ಪ್ರತಿಧ್ವನಿಯಿಂದ ದೂರ ಸರಿದುದಾಗಿತ್ತು. ದಪ್ಪ ಪರದೆ, ಜಮಖಾನ, ಹತ್ತಿಯ ದಿಂಬುಗಳು, ತೆರೆದ ಪುಸ್ತಕದ ಕಪಾಟು, ಇವುಗಳಿಂದ ಈಗ ಹಜಾರವನ್ನು ತಕ್ಕಮಟ್ಟಿಗೆ ಸರಿಪಡಿಸಿದ್ದೇವೆ. ಆದರೆ ಜಮಖಾನದ ಅಂಚೇ ಕಾಲಿಗೆ ತೊಡಕಾಗಬಲ್ಲುದಾದುದರಿಂದ ಅದನ್ನು ಅವರು ಓಡಾಡದ ಬದಿಯಲ್ಲಿ ಹಾಸಬೇಕಾಯಿತು.

ವೃದ್ಧರ ಅನುಭವವನ್ನು ತರುಣರು ತಾವೇ ಪಡೆದು ನೋಡಲು ಮಾಡಿರುವ ಪ್ರಯತ್ನಗಳೂ ಉಂಟು. ೧೯೭೦ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಲಿಯಾನ್ ಪಾಸ್ಟಲನ್ ಮತ್ತು ಸಂಗಡಿಗರು ಮುಪ್ಪಿನ ದೃಷ್ಟಿಯನ್ನು ಹೋಲುವಂತೆ ಲೇಪನ ಮಾಡಿದ ಮಸೂರಗಳನ್ನು ಧರಿಸಿ ಕಟ್ಟಡಗಳಲ್ಲಿ ಓಡಾಡಿದರು. ಪೆಟ್ರೀಷಿಯಾ ಮೂರ್ ಎಂಬ ತರುಣ ವಿನ್ಯಾಸಕಿ ೧೯೭೯ರಿಂದ ೧೯೮೨ರವರೆಗೆ ಮುದುಕಿಯ ವೇಷದಲ್ಲಿ, ಕೀಲುಗಳು ಬಾಗದಂತೆ ಕಟ್ಟಿಕೊಂಡು, ಅಮೆರಿಕ ಮತ್ತು ಕೆನಡಾಗಳ ನೂರಕ್ಕೂ ಹೆಚ್ಚು ನಗರಗಳಲ್ಲಿ ಸಂಚರಿಸಿದರು. ಇವು ಮೆಚ್ಚತಕ್ಕ ಸಾಹಸಗಳು. ಆದರೂ ನನಗೆ ಒಂದು ಸಂಶಯ. ವೇಷ ತೊಟ್ಟವರು ಒಂದೇ ದಿನದಲ್ಲಿ ಮುದುಕರಾಗುತ್ತಾರೆ. ನಿಜವಾದ ವೃದ್ಧರು ನಲವತ್ತು ವರ್ಷಗಳಲ್ಲಿ ಮುದುಕರಾಗಿ, ಆ ನಲವತ್ತು ವರ್ಷಗಳಲ್ಲಿ ನೂರು ಉಪಾಯಗಳನ್ನು ಕಲಿತಿರುತ್ತಾರೆ. ಆ ಉಪಾಯಗಳು ವೇಷದೊಡನೆ ಬರುವುದಿಲ್ಲ.

ಅವನ್ನು ತಿಳಿಯಲು ಸಂಶೋಧಕರು ಈಚೆಗೆ ಹೆಚ್ಚಾಗಿ ಬಳಸುವ ವಿಧಾನ ಜೊತೆಯಲ್ಲಿ ನಡೆಯುವುದು. ಕುರ್ಚಿಯಲ್ಲಿ ಕೂರಿಸಿ "ಮನೆ ಹೇಗಿದೆ?" ಎಂದು ಕೇಳಿದರೆ ಬರುವ ಉತ್ತರ "ಚೆನ್ನಾಗಿದೆ" ಎಂದೇ, ಮಗ ಸಾಲ ಮಾಡಿ ಕಟ್ಟಿಸಿದ ಮನೆಯನ್ನು ಯಾವ ತಾಯಿ ಹಳಿಯುತ್ತಾಳೆ? ಅದರ ಬದಲು ಅವರು ದಿನವೂ ನಡೆಯುವ ದಾರಿಯಲ್ಲಿ ಅವರದೇ ವೇಗದಲ್ಲಿ ಜೊತೆಗೆ ನಡೆಯಬೇಕು. ನಿಂತಲ್ಲಿ ನಿಲ್ಲಬೇಕು. ಕೈ ಎಲ್ಲಿ ಹೋಯಿತು, ಕಣ್ಣು ಎಲ್ಲಿ ಹೋಯಿತು ಎಂಬುದನ್ನು ನಕ್ಷೆಯ ಮೇಲೆ ಗುರುತಿಸಿ, ಆ ಸ್ಥಳದಲ್ಲಿಯೇ ಕೇಳಬೇಕು. ನಿಮ್ಮ ಮನೆಯ ಹಿರಿಯರೊಡನೆ ನೀವೂ ಇದನ್ನು ಮಾಡಬಹುದು. ಒಂದು ಕಾಗದ, ಒಂದು ಅಳತೆ ಪಟ್ಟಿ ಸಾಕು.

ಮೂಳೆ ಕೂಡಿ, ಅಜ್ಜಿ ಊರುಗೋಲಿನೊಡನೆ ನಡೆಯತೊಡಗಿದ ಮೇಲೆ ನಾನು ಅವರೊಡನೆ ಹೀಗೆ ಎರಡು ಮನೆಗಳಲ್ಲಿಯೂ ನಡೆದೆ. ಹಳೆಯ ಮನೆಯಲ್ಲಿ ಅವರ ಎಡಗೈ ಬೆರಳುಗಳು ಕಂಬದಿಂದ ಬಾಗಿಲ ಚೌಕಟ್ಟಿಗೆ, ಚೌಕಟ್ಟಿನಿಂದ ಕಣಜದ ಅಂಚಿಗೆ ಸರಿಯುತ್ತಿದ್ದವು. ಊರಿಕೊಳ್ಳುತ್ತಿರಲಿಲ್ಲ, ಸುಮ್ಮನೆ ಸೋಕುತ್ತಿದ್ದವು. ಹೊಸ ಹಜಾರದ ನಡುವೆ ಬಂದಾಗ ನಿಂತು, "ಇಲ್ಲಿ ಮುಟ್ಟೋಕೆ ಏನೂ ಸಿಗೋದಿಲ್ಲ" ಎಂದರು. ಮಾತು ಸಾಮಾನ್ಯವೆನ್ನಿಸಬಹುದು. ಅಮೆರಿಕದ ಜೆಕಾ ಮತ್ತು ಲಾಕ್ನರ್ ೧೯೯೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆರಳ ತುದಿಯನ್ನು ಸ್ಥಿರವಾದ ಒಂದು ಪಟ್ಟಿಗೆ ಸುಮಾರು ೦.೪ ನ್ಯೂಟನ್ ಬಲದಿಂದ ಸೋಕಿಸಿದರೆ ಸಾಕು, ನಿಂತವನ ದೇಹದ ತೂಗಾಟ ಗಮನಾರ್ಹವಾಗಿ ಇಳಿಯುತ್ತದೆಂದು ಕಂಡುಬಂದಿತು. ಇದು ನಲವತ್ತು ಗ್ರಾಮಿನ ತೂಕ. ಯಾರನ್ನೂ ಎತ್ತಿ ಹಿಡಿಯಲಾರದು. ಬೆರಳು ಪಡೆಯುವುದು ಆಧಾರವನ್ನಲ್ಲ, ಸುದ್ದಿಯನ್ನು. ನಾವು ನೆಟ್ಟಗೆ ನಿಲ್ಲುವುದು ಒಳಕಿವಿ, ಕೀಲುಗಳು ಮತ್ತು ಕಣ್ಣು ತರುವ ಸುದ್ದಿಗಳಿಂದ. ಎಡಿನ್‌ಬರೋದ ಡೇವಿಡ್ ಲೀ ೧೯೭೦ರ ದಶಕದಲ್ಲಿ ನೆಲವನ್ನು ಹಾಗೆಯೇ ಬಿಟ್ಟು ಗೋಡೆಗಳನ್ನು ಮಾತ್ರ ತೂಗುಹಾಕಿದ ಕೋಣೆಯೊಂದನ್ನು ಮಾಡಿ, ಗೋಡೆಗಳು ಕೊಂಚ ಸರಿದರೂ ಒಳಗಿರುವವರು ಓಲಾಡುವುದನ್ನು ತೋರಿಸಿದ್ದರು. ಮುಂದೆ ಇಂಥ ಪ್ರಯೋಗಗಳಲ್ಲಿ ವೃದ್ಧರು ತರುಣರಿಗಿಂತ ಹೆಚ್ಚು ಓಲಾಡಿದರು. ಕಣ್ಣೂ ಮಂದವಾದಾಗ ಬೆರಳೇ ಗತಿ. ಹತ್ತಿರದಲ್ಲಿ ಗೋಡೆಯೂ ಕಂಬವೂ ಇಲ್ಲದ ವಿಶಾಲವಾದ ಹಜಾರ ಅವರಿಗೆ ನಡುಹೊಳೆಯಿದ್ದಂತೆ.

ಮೆಟ್ಟಿಲಿನ ಜಾಗದಲ್ಲಿ ಇಳಿಜಾರು ಮಾಡೋಣವೆಂದು ಲೆಕ್ಕ ಹಾಕಿದೆ. ೧೫ ಸೆಂಟಿಮೀಟರಿನ ಇಳಿತಕ್ಕೆ ಹನ್ನೆರಡಕ್ಕೆ ಒಂದರಂತೆ ೧೮೦ ಸೆಂಟಿಮೀಟರು ಬೇಕು. ಊಟದ ಸ್ಥಳದ ಅರ್ಧವನ್ನು ಅದೇ ನುಂಗುತ್ತದೆ. ಕೊನೆಗೆ ಊಟದ ಸ್ಥಳದ ನೆಲವನ್ನೇ ಎತ್ತರಿಸಿ, ಒರಟು ಮೈಯ ತಿಳಿಬಣ್ಣದ ಕಲ್ಲನ್ನು ಹಾಸಿಸಿದೆವು. ಹಜಾರದ ನಡುವೆ ಸೊಂಟದೆತ್ತರದ ಒಂದು ಉದ್ದನೆಯ ಕಪಾಟು ಬಂದಿತು. ಅಜ್ಜಿ ಈಗ ಸಂಜೆ ಹಜಾರದಲ್ಲಿ ಕುಳಿತು ಮಾತಿಗೆ ಸೇರುತ್ತಾರೆ. ಬೆಳಗಿನ ಹೊತ್ತು ಮಾತ್ರ ಈಗಲೂ ಜಗಲಿಯ ಮೂಲೆಯಲ್ಲಿಯೇ ಇರುವುದನ್ನು ಕಂಡು, ಇನ್ನೂ ಪ್ರತಿಧ್ವನಿಯ ತೊಂದರೆಯಿದೆಯೇ ಎಂದು ಕೇಳಿದೆ.

"ಅದಲ್ಲ ಮಗಾ, ಒಳಗಿಂದ ರಸ್ತೆ ಕಾಣೋದಿಲ್ಲ" ಎಂದರು.

ಅಳತೆ ಪಟ್ಟಿಯನ್ನು ತಂದು ನೋಡಿದೆ. ಹಜಾರದ ಕಿಟಕಿಯ ಕೆಳಗಟ್ಟು ನೆಲದಿಂದ ೧೦೫ ಸೆಂಟಿಮೀಟರು. ಮಣೆಯ ಮೇಲೆ ಕುಳಿತ ಅಜ್ಜಿಯ ಕಣ್ಣು ೭೨ ಸೆಂಟಿಮೀಟರು. ಅಲ್ಲಿ ಕುಳಿತು ನೋಡಿದರೆ ಎದುರು ಮನೆಯ ನೀರಿನ ತೊಟ್ಟಿಯೂ ಒಂದಿಷ್ಟು ಆಕಾಶವೂ ಕಾಣುತ್ತವೆ.